ಸೋಮವಾರದ ಹೊಟ್ಟೆನೋವು ಮತ್ತು ಮೇಷ್ಟ್ರ ತರಬೇತಿ

ಭಾನುವಾರ ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದ ಹುಡುಗ ಸೋಮವಾರ ಬೆಳಿಗ್ಗೆ ಎದ್ದವನೇ ಹೊಟ್ಟೆನೋವು ಎಂದು ಮುದುಡಿಕೊಳ್ಳುತ್ತಾನೆ. ತಾಯಿ ಓಮದ ಕಷಾಯ ಕುಡಿಸುತ್ತಾಳೆ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ಅಪ್ಪ ಜಂತುಹುಳುವಿನ ಮಾತ್ರೆ ತರುತ್ತಾನೆ. ಶಾಲೆಗೆ ಹೋಗುವ ಬಸ್ಸು ಹೊರಟು ಅರ್ಧ ಗಂಟೆಯಾದ ಮೇಲೆ ನೋವು ತಾನಾಗಿಯೇ ನಿಲ್ಲುತ್ತದೆ. ಹುಡುಗ ಎದ್ದು ಕೂತು ತಿಂಡಿ ಕೇಳುತ್ತಾನೆ. 'ಶಾಲೆ ತಪ್ಪಿಸಲು ನಾಟಕ' ಎಂದು ಮನೆಯವರು ತೀರ್ಮಾನಿಸಿ, ಮಾರನೆಯ ದಿನ ಬೆನ್ನಿಗೆರಡು ಬಿಗಿದು ಕಳುಹಿಸುತ್ತಾರೆ.

ಬಹಳ ಸಲ ಅದು ನಾಟಕವಲ್ಲ. ಹೆದರಿದ ಮಗುವಿನ ಕರುಳಿನ ಚಲನೆ ಏರುಪೇರಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ತಲೆ ಸಿಡಿಯುತ್ತದೆ, ನಿದ್ದೆ ಕೆಡುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡುತ್ತದೆ. ಸಹಪಾಠಿಗಳ ಕಾಟಕ್ಕೆ ಒಳಗಾದ ಮಕ್ಕಳಲ್ಲಿ ಇಂಥ ಮನೋದೈಹಿಕ ತೊಂದರೆಗಳ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಇಟಲಿಯ ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಕಾಟ ಕೊಡುವ ಮಕ್ಕಳಲ್ಲಿಯೂ ಈ ತೊಂದರೆಗಳು ಹೆಚ್ಚೇ ಇದ್ದವು ಎಂಬುದನ್ನು ಓದುಗರು ಗಮನಿಸಬೇಕು. ಹೊಟ್ಟೆನೋವಿಗೆ ಮಲಬದ್ಧತೆ, ಸೋಂಕು, ಹುಳು ಇತ್ಯಾದಿ ಕಾರಣಗಳಿವೆಯೇ ಎಂದು ವೈದ್ಯರಲ್ಲಿ ತೋರಿಸಿಯೇ ತೋರಿಸಬೇಕು. ಆದರೆ ರಜೆಯ ದಿನ ಬಾರದೆ ಶಾಲೆಯ ದಿನ ಮಾತ್ರ ಬರುವ ನೋವಿದ್ದರೆ ವಿಚಾರಿಸಬೇಕಾದ್ದು ಹೊಟ್ಟೆಯನ್ನಷ್ಟೇ ಅಲ್ಲ.

ಇಂಗ್ಲಿಷಿನಲ್ಲಿ ಬುಲ್ಲಿಯಿಂಗ್ ಎನ್ನುವ ಈ ಪಿಡುಗಿಗೆ ಕನ್ನಡದಲ್ಲಿ ಸರಿಯಾದ ಪದವಿಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸದು. ನಮ್ಮಲ್ಲಿ ಕೀಟಲೆ ಬೇರೆ, ಕಾಟ ಬೇರೆ. ಕೀಟಲೆಯಲ್ಲಿ ಇಬ್ಬರೂ ನಗುತ್ತಾರೆ. ಇವತ್ತು ಇವನು ಅವನ ಪೆನ್ನು ಬಚ್ಚಿಟ್ಟರೆ ನಾಳೆ ಅವನು ಇವನ ಚಪ್ಪಲಿ ಬಚ್ಚಿಡುತ್ತಾನೆ. ಕಾಟದಲ್ಲಿ ನಗುವವರು ಒಂದೇ ಕಡೆ. ಈ ವಿಷಯವನ್ನು ಮೊದಲು ಕ್ರಮವಾಗಿ ಅಭ್ಯಸಿಸಿದ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವಿಯಸ್ ಹೇಳಿದ ಲಕ್ಷಣಗಳೂ ಇವೇ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಇಬ್ಬರ ನಡುವೆ ಬಲದ ಅಂತರ. ಬಲವೆಂದರೆ ತೋಳ್ಬಲವೇ ಆಗಬೇಕಿಲ್ಲ. ಜಾತಿ, ಹಣ, ಗುಂಪು, ಮಾತಿನ ಚುರುಕು, ಈಗಂತೂ ಕೈಯಲ್ಲಿರುವ ಮೊಬೈಲು ಎಲ್ಲವೂ ಬಲವೇ. ಜಗತ್ತಿನ ಶಾಲಾಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಕಾಟ ಅನುಭವಿಸಿದ್ದರೆಂದು ಯುನೆಸ್ಕೊ 2019ರ ವರದಿಯಲ್ಲಿ ಹೇಳಿತು.

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂಥ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ಭದ್ರಾ ನಾಲೆಯ ನೀರು, ಭತ್ತದ ಗದ್ದೆ, ಅಡಿಕೆ ತೋಟ. ಇಂಥ ಊರುಗಳ ಪ್ರೌಢಶಾಲೆಗೆ ಅಕ್ಕಪಕ್ಕದ ಹಳ್ಳಿ, ತಾಂಡಾಗಳಿಂದ ಮಕ್ಕಳು ನಡೆದು, ಸೈಕಲ್ ತುಳಿದು, ಬಸ್ಸಿನಲ್ಲಿ ನಿಂತು ಬರುತ್ತಾರೆ. ಮೇಷ್ಟ್ರ ಕಣ್ಣಿರುವುದು ತರಗತಿಯೊಳಗೆ. ಕಾಟ ನಡೆಯುವುದು ನಲ್ಲಿಯ ಹತ್ತಿರ, ಶೌಚಾಲಯದ ಹಿಂದೆ, ಬಿಸಿಯೂಟದ ಸಾಲಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ನಾಲೆಯ ಏರಿಯ ಮೇಲೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಪಕ್ಕದ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಆದರೂ ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿನ ಕನ್ನಡವನ್ನು ಯಾರಾದರೂ ಅಣಕಿಸಿದರೆ ಅದನ್ನು ತಮಾಷೆಯೆಂದು ನಕ್ಕು ಬಿಡುವವರೇ ಹೆಚ್ಚು. ಇದು ಯಾವುದೋ ಒಂದು ಊರಿನ ಮೇಲಿನ ದೂರಲ್ಲ. ಜಗಳೂರಿನ ಹಾಸ್ಟೆಲಿನಲ್ಲಿರುವ ಮಗುವಿಗೂ, ಬೆಂಗಳೂರಿನ ದುಬಾರಿ ಶಾಲೆಯ ಮಗುವಿಗೂ ಇದರ ರೂಪ ಬೇರೆಯಷ್ಟೇ.

ಹೀಗಾಗಿ ಶಿಕ್ಷಕರಿಗೆ ತರಬೇತಿ ಕೊಡಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ನಾನೂ ಅದರ ಪರವೇ. ಆದರೆ ಎಂಥ ತರಬೇತಿ, ತರಬೇತಿಯ ನಂತರ ಏನು ಎಂಬುದನ್ನು ಕೇಳದೆ ಒಪ್ಪಿಕೊಂಡರೆ ಅದು ಇನ್ನೊಂದು ಸುತ್ತೋಲೆಯಾಗಿ ಬೀರು ಸೇರುತ್ತದೆ.

ನಾರ್ವೆಯಲ್ಲಿ 1982ರ ಕೊನೆಯಲ್ಲಿ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು; ಸಹಪಾಠಿಗಳ ಕಾಟವೇ ಕಾರಣವಿರಬೇಕೆಂದು ದೇಶವೇ ತಲ್ಲಣಿಸಿತು. ಮರುವರ್ಷ ಸರ್ಕಾರ ರಾಷ್ಟ್ರವ್ಯಾಪಿ ಕಾರ್ಯಕ್ರಮ ಆರಂಭಿಸಿತು. ಓಲ್ವಿಯಸ್ ಬರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಎರಡೂವರೆ ವರ್ಷ ಗಮನಿಸಿದಾಗ ಕಾಟದ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅಲ್ಲಿ ಶಿಕ್ಷಕರಿಗೆ ಭಾಷಣ ಮಾಡಿ ಕಳುಹಿಸಲಿಲ್ಲ. ಆಟದ ವೇಳೆಯಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದರಿಂದ ಹಿಡಿದು ಪೋಷಕರ ಸಭೆಯವರೆಗೆ ಇಡೀ ಶಾಲೆಯ ವ್ಯವಸ್ಥೆಯೇ ಬದಲಾಯಿತು.

ನಮ್ಮಲ್ಲಿ ಏನೂ ನಡೆದಿಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗೆ ತರಬೇತಿ ನೀಡಿ, ಅವರ ಮೂಲಕವೇ ಮಕ್ಕಳಿಗೆ ಜೀವನ ಕೌಶಲ ಶಿಕ್ಷಣ ಕೊಡಿಸಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಈ ಶಿಕ್ಷಣ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಂದಿಗೆ ಹೋಲಿಸಿದ್ದರು. ಪಡೆದವರಲ್ಲಿ ಆತ್ಮಗೌರವ ಹೆಚ್ಚಿತ್ತು, ಶಿಕ್ಷಕರೊಂದಿಗಿನ ಹೊಂದಾಣಿಕೆ ಉತ್ತಮವಾಗಿತ್ತು. ಓರಗೆಯ ಮಕ್ಕಳೊಂದಿಗಿನ ಹೊಂದಾಣಿಕೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಂದರೆ, ಒಳ್ಳೆಯ ಪಾಠ ಮಗುವನ್ನು ಗಟ್ಟಿಮಾಡುತ್ತದೆ. ಮಗು ಮಗುವಿನ ನಡುವಿನ ಕಾಟ ನಿಲ್ಲಬೇಕಾದರೆ ಅದಕ್ಕೆಂದೇ ಬೇರೆ ಕೆಲಸ ಆಗಬೇಕು ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಇನ್ನೊಂದು ಪ್ರಯೋಗ ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ನಡೆಯಿತು. ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕೆಲವು ಶಾಲೆಗಳಲ್ಲಿ ಈ ಕೆಲಸಕ್ಕೆಂದೇ ನೇಮಿಸಿ ತರಬೇತಿ ಕೊಟ್ಟ, ಮನಶ್ಶಾಸ್ತ್ರದ ಪದವಿಯೇನೂ ಇಲ್ಲದ ಸಾಮಾನ್ಯ ಸಲಹೆಗಾರರಿದ್ದರು. ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಒಬ್ಬ ಶಿಕ್ಷಕರಿಗೆ ತರಬೇತಿ ಕೊಟ್ಟು ವಹಿಸಿದ್ದರು. ಸಲಹೆಗಾರರಿದ್ದ ಶಾಲೆಗಳಲ್ಲಿ ಕಾಟ, ಹಿಂಸೆ, ಖಿನ್ನತೆ ಮೂರೂ ತಗ್ಗಿದವು. ಶಿಕ್ಷಕರಿಗೆ ವಹಿಸಿದ್ದ ಶಾಲೆಗಳಲ್ಲಿ ಪರಿಣಾಮವೇ ಕಾಣಲಿಲ್ಲ!

ಇದನ್ನು ಓದಿ ಶಿಕ್ಷಕರನ್ನು ದೂರುವುದು ಸುಲಭ. ಆದರೆ ಗಣತಿ, ಸಮೀಕ್ಷೆ, ಚುನಾವಣೆ, ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆಯ ಲೆಕ್ಕ, ಇವೆಲ್ಲದರ ನಡುವೆ ಗಣಿತವನ್ನೂ ಮುಗಿಸಬೇಕಾದ ಮೇಷ್ಟ್ರ ಬಳಿ ಹುಡುಗನೊಬ್ಬ ಬಂದು ತಡವರಿಸುತ್ತ ನಿಂತರೆ ಕೇಳಲು ಪುರುಸೊತ್ತೆಲ್ಲಿದೆ? ಇನ್ನೊಂದು ಕಾರಣವೂ ಇರಬಹುದು. ಬೆಳಿಗ್ಗೆ ಬೆತ್ತ ಹಿಡಿದವರ ಬಳಿಯೇ ಮಧ್ಯಾಹ್ನ ಗುಟ್ಟು ಹೇಳಲು ಯಾವ ಮಗು ಬರುತ್ತದೆ?

2020ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ ಯೋಜನೆಯಡಿ ಶಾಲಾ ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ, ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು, ಸಾಧ್ಯವಾದಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆಯನ್ನು, ಆರೋಗ್ಯ ರಾಯಭಾರಿಗಳಾಗಿ ತರಬೇತುಗೊಳಿಸುವ ಕ್ರಮ ಬಂತು. ಮನಸ್ಸಿನ ಆರೋಗ್ಯ, ಪರಸ್ಪರ ಸಂಬಂಧ, ಹಿಂಸೆಯಿಂದ ರಕ್ಷಣೆ ಎಲ್ಲವೂ ಅದರ ಪಾಠಗಳಲ್ಲಿವೆ. ಹೆಸರು ದೊಡ್ಡದು. ಆ ರಾಯಭಾರಿಗೆ ವೇಳಾಪಟ್ಟಿಯಲ್ಲಿ ಬಿಡುವು ಕೊಟ್ಟಿದ್ದಾರೆಯೇ ಎಂಬುದು ನನ್ನ ಪ್ರಶ್ನೆ.

ಈ ಮಾತು ಕತ್ತಲಗೆರೆಯ ರೈತನಿಗೆ ಬೇಗ ಅರ್ಥವಾದೀತು. ಅಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ. ಹೊಸ ಭತ್ತದ ತಳಿಯ ಬಗ್ಗೆ ಸಭಾಂಗಣದಲ್ಲಿ ಒಂದು ದಿನ ಉಪನ್ಯಾಸ ಕೇಳಿದ ಮಾತ್ರಕ್ಕೆ ಯಾವ ರೈತನೂ ಬೀಜ ಬದಲಿಸುವುದಿಲ್ಲ. ಗದ್ದೆಯಲ್ಲಿ ಪ್ರಾತ್ಯಕ್ಷಿಕೆ ಆಗಬೇಕು, ಪೈರಿನಲ್ಲಿ ರೋಗ ಕಂಡಾಗ ಯಾರಾದರೂ ಬಂದು ನೋಡಬೇಕು, ಪಕ್ಕದ ಗದ್ದೆಯವನ ಇಳುವರಿ ಕಾಣಬೇಕು. ಭತ್ತಕ್ಕೆ ಇಷ್ಟು ಬೇಕಾದರೆ ಮಕ್ಕಳಿಗೆ ಒಂದು ದಿನದ ಕಾರ್ಯಾಗಾರ, ಒಂದು ಪ್ರಮಾಣಪತ್ರ, ಒಂದು ಗುಂಪು ಫೋಟೊ ಸಾಕೇ?

ತರಬೇತಿಯಲ್ಲಿ ಅಭ್ಯಾಸ ಮಾಡಿಸಬೇಕಾದ ಕೆಲಸಗಳು ಬಹಳ ಸರಳ. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ 'ಕೈ ಕುಲುಕಿ, ರಾಜಿಯಾಗಿ' ಎನ್ನುವುದು ನಮ್ಮ ಮೇಷ್ಟ್ರುಗಳ ಹಳೆಯ ಮದ್ದು. ಸಮಾನರ ಜಗಳಕ್ಕೆ ಅದು ಸರಿ. ಕಾಟಕ್ಕೆ ಅದು ವಿಷ. ಕೈ ಕುಲುಕಿದ ಸಂಜೆಯೇ ಬಸ್ಸಿನಲ್ಲಿ ಲೆಕ್ಕ ಚುಕ್ತಾ ಆಗುತ್ತದೆ. ಇಬ್ಬರೊಂದಿಗೂ ಬೇರೆ ಬೇರೆಯಾಗಿ ಮಾತಾಡಬೇಕು, ದಿನಾಂಕ ಹಾಕಿ ಬರೆದಿಡಬೇಕು, ವಾರದ ನಂತರ ಮತ್ತೆ ಕರೆದು ಕೇಳಬೇಕು. ಶಾಲೆಯ ನಕ್ಷೆಯನ್ನು ಮಕ್ಕಳ ಕೈಗೆ ಕೊಟ್ಟು, ಹೆಸರು ಬರೆಯದೆ, ಹೆದರಿಕೆಯಾಗುವ ಜಾಗಕ್ಕೆ ಗುರುತು ಹಾಕಿಸಿದರೆ ಮೇಷ್ಟ್ರು ಎಲ್ಲಿ ನಿಲ್ಲಬೇಕೆಂಬುದು ಒಂದೇ ದಿನದಲ್ಲಿ ತಿಳಿಯುತ್ತದೆ.

ನೋಡುತ್ತ ನಿಂತ ಮಕ್ಕಳನ್ನೂ ಮರೆಯುವಂತಿಲ್ಲ. ಕೆನಡಾದ ಶಾಲೆಗಳ ಆಟದ ಮೈದಾನದಲ್ಲಿ ನಡೆದ ಘಟನೆಗಳನ್ನು ಚಿತ್ರೀಕರಿಸಿ ನೋಡಿದ ಸಂಶೋಧಕರು 2001ರಲ್ಲಿ ತಿಳಿಸಿದಂತೆ, ಶೇಕಡಾ 88ರಷ್ಟು ಘಟನೆಗಳಲ್ಲಿ ಬೇರೆ ಮಕ್ಕಳು ಸುತ್ತ ಇದ್ದರು. ಅವರಲ್ಲೊಬ್ಬರು ನಡುವೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತ್ತು.

ಮತ್ತೊಂದು ಪಾಠ ಶಿಕ್ಷಕರಿಗೆ ಕಹಿಯಾಗಬಹುದು. 'ಲೇ ಕುಳ್ಳ', 'ಏ ದಡ್ಡ ಶಿಖಾಮಣಿ' ಎಂದು ಕರಿಹಲಗೆಯ ಮುಂದೆ ನಿಂತು ಕರೆದರೆ, ಆ ಅಡ್ಡಹೆಸರು ಮಧ್ಯಾಹ್ನದೊಳಗೆ ಇಡೀ ಶಾಲೆಯ ಬಾಯಲ್ಲಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಪೆಟ್ಟನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಪಾಲಕರಿಗೆ ಎರಡು ಮಾತು. ಮಗು ಬಾಯಿಬಿಟ್ಟಾಗ 'ನೀನೂ ನಾಲ್ಕು ಬಾರಿಸು' ಎನ್ನಬೇಡಿ. ಬಾರಿಸಲು ಆಗಿದ್ದರೆ ಅದು ನಿಮ್ಮ ಬಳಿ ಬರುತ್ತಿರಲಿಲ್ಲ. ಕಾಡುವ ಹುಡುಗನ ಮನೆಗೆ ಜಗಳಕ್ಕೂ ಹೋಗಬೇಡಿ, ಶಾಲೆಗೆ ಹೋಗಿ. ನಿಮ್ಮ ಮಗುವೇ ಕಾಡುತ್ತಿದೆ ಎಂಬ ದೂರು ಬಂದರೆ 'ನಮ್ಮ ಹುಡುಗ ಅಂಥವನಲ್ಲ' ಎನ್ನುವ ಮುನ್ನ ಮನೆಯಲ್ಲಿ ಅವನ ಮೇಲೆ ಯಾರು ಕೈ ಮಾಡುತ್ತಾರೆಂದು ನೋಡಿಕೊಳ್ಳಿ. ಸಾಯುವ ಮಾತು ಮಗುವಿನ ಬಾಯಲ್ಲಿ ಬಂದರೆ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098, ಎರಡೂ ಉಚಿತ.

ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಎದ್ದು ನಿಂತು ಶೌಚಾಲಯ ಕೇಳುತ್ತಾರೆ, ಕಾಂಪೌಂಡು ಕೇಳುತ್ತಾರೆ. ಬಸ್ಸಿನ ಹಿಂದಿನ ಸೀಟಿನ ವಿಷಯ ಎತ್ತುವುದು ಅವರಿಗೆ ಕಷ್ಟ. ಕಾಡುವವನೂ ಅದೇ ಸಭೆಯಲ್ಲಿ ಕೂತಿರುತ್ತಾನಲ್ಲ. ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲಿ ದೊಡ್ಡವರೇ ಆ ಮಾತು ತೆಗೆಯಲಿ. ಈ ಶಾಲೆಯಲ್ಲಿ ಮಗು ಹೋಗಿ ಹೇಳಿಕೊಳ್ಳಬೇಕಾದ ಶಿಕ್ಷಕರು ಯಾರು, ಅವರಿಗೆ ತರಬೇತಿ ಆಗಿದೆಯೇ, ಆಗಿದ್ದರೆ ವಾರದ ಯಾವ ಪೀರಿಯಡ್ ಅವರಿಗೆ ಬಿಡುವು ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.