ನುಸಿಗೆ ಮದ್ದೇ? ನುಸಿ ಗೆಲ್ಲುವ ಜೇನೇ?

ಗದಗ-ಬೆಟಗೇರಿ ಪೇಟೆಯಲ್ಲಿ ಜೇನುತುಪ್ಪದ ಬಾಟಲಿ ಕೈಗೆತ್ತಿಕೊಂಡ ಗಿರಾಕಿ ಅಂಗಡಿಕಾರನಿಗೆ ಕೇಳುವುದು ಒಂದೇ ಮಾತು: "ಬೆಲ್ಲದ ಪಾಕ ಕೂಡಿಸಿಲ್ಲ ಹೌದಲ್ರೀ?" ಕೇಳಬೇಕಾದದ್ದೇ. ಆದರೆ ಜೇನು ಪೆಟ್ಟಿಗೆಯೊಳಗೆ ಯಾವ ಔಷಧ ಇಟ್ಟಿದ್ದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪೆಟ್ಟಿಗೆಗೂ ಔಷಧವೇ ಎಂದು ಹುಬ್ಬೇರಿಸಬೇಡಿ. ಹೌದು, ಔಷಧವೇ. ಅದಕ್ಕೆ ಕಾರಣ ಗುಂಡುಸೂಜಿಯ ತಲೆಯಷ್ಟು ದೊಡ್ಡದಾದ, ಕೆಂಪು-ಕಂದು ಬಣ್ಣದ ಒಂದು ನುಸಿ. ಹೆಸರು ವರೋವ.

ಈ ನುಸಿ ಜೇನುಹುಳದ ಮೈಗೆ ಕಚ್ಚಿಕೊಂಡು ಒಳಗಿನ ಕೊಬ್ಬು ಹೀರುತ್ತದೆ. ಮೇಣ ಮುಚ್ಚಿದ ಮರಿಕೋಶದೊಳಗೆ ಹೊಕ್ಕು ಅಲ್ಲೇ ಮರಿ ಹಾಕುತ್ತದೆ. ಹೋದಲ್ಲೆಲ್ಲ ವೈರಸ್ ರೋಗವನ್ನೂ ಹಂಚುತ್ತದೆ. ರೆಕ್ಕೆ ಮುದುಡಿದ ಹುಳಗಳು ಪೆಟ್ಟಿಗೆ ಬಾಗಿಲಲ್ಲಿ ತೆವಳತೊಡಗಿದರೆ ಆ ಕುಟುಂಬದ ಕಥೆ ಮುಗಿಯುತ್ತ ಬಂತೆಂದೇ ತಿಳಿಯಬೇಕು.

ಮನೆಯ ಜೇನು, ಬಂದ ಜೇನು

ಸೋಜಿಗವೆಂದರೆ ಈ ನುಸಿಯ ಮೂಲ ಮನೆ ನಮ್ಮ ಏಷ್ಯಾದ ತುಡುವೆ ಜೇನು. ಬಾವಿಯ ಕಲ್ಲುಸಂದಿ, ಮರದ ಪೊಟರೆಗಳಲ್ಲಿ ಗೂಡು ಕಟ್ಟುವ ಈ ಹುಳ ಸಾವಿರಾರು ವರ್ಷ ನುಸಿಯ ಜೊತೆ ಬಾಳಿ ಅದನ್ನು ಹದ್ದುಬಸ್ತಿನಲ್ಲಿಡಲು ಕಲಿತಿದೆ. ತನ್ನ ಮೈಮೇಲಿನದನ್ನೂ ಒಡಹುಟ್ಟಿದವರ ಮೈಮೇಲಿನದನ್ನೂ ಕಿತ್ತು ಕಚ್ಚಿ ಹಾಕುತ್ತದೆ. ನುಸಿ ಹೊಕ್ಕ ಮರಿಯನ್ನು ಕೋಶ ಒಡೆದು ಹೊರಗೆಸೆಯುತ್ತದೆ. ಹೀಗಾಗಿ ನುಸಿಯ ಸಂತಾನ ಬೆಳೆಯುವುದು ಹೆಚ್ಚಾಗಿ ಗಂಡು ಮರಿಗಳ ಕೋಶದಲ್ಲಿ ಮಾತ್ರ. ಅದೂ ವರ್ಷದಲ್ಲಿ ಕೆಲವೇ ದಿನ.

1960ರ ದಶಕದಲ್ಲಿ ಹಿಮಾಚಲ, ಪಂಜಾಬ್ ಕಡೆ ನೆಲೆಯೂರಿದ ಪರದೇಶಿ ಮೆಲ್ಲಿಫೆರಾ ಜೇನಿಗೆ ಈ ವಿದ್ಯೆ ಅಷ್ಟಾಗಿ ಗೊತ್ತಿಲ್ಲ. ತುಪ್ಪ ಹೆಚ್ಚು ಕೊಡುತ್ತದೆ, ಪೆಟ್ಟಿಗೆ ಬಿಟ್ಟು ಓಡುವುದು ಕಡಿಮೆ, ಲಾರಿಯಲ್ಲಿ ಹೇರಿ ಹೂವಿದ್ದಲ್ಲಿಗೆ ಒಯ್ಯಬಹುದು ನಿಜ. ಆದರೆ ನುಸಿ ಬಿತ್ತೆಂದರೆ ಮದ್ದಿಲ್ಲದೆ ಅದು ಉಳಿಯುವುದು ಕಷ್ಟ.

ಮದ್ದು ಎಂದರೆ ಫ್ಲುವಾಲಿನೇಟ್ ಸವರಿದ ಪಟ್ಟಿ, ಫಾರ್ಮಿಕ್ ಆಮ್ಲ, ಆಕ್ಸಾಲಿಕ್ ಆಮ್ಲ. ಮೊದಲು ಪಟ್ಟಿಯಿಂದ ನುಸಿ ಉದುರಿದ್ದೂ ಹೌದು. ಆಮೇಲೇನಾಯಿತು? ಮದ್ದಿಗೆ ಬಗ್ಗದ ನಾಲ್ಕು ನುಸಿ ಉಳಿದು ಅವುಗಳ ಸಂತಾನವೇ ತುಂಬಿತು. 1990ರ ದಶಕದಲ್ಲೇ ಯುರೋಪ್ ಮತ್ತು ಅಮೆರಿಕದಲ್ಲಿ ಫ್ಲುವಾಲಿನೇಟ್ ಸೋತಿತು. ಮದ್ದಿನ ಅಂಶ ಮೇಣದಲ್ಲಿ ಕೂತು ವರ್ಷಗಟ್ಟಲೆ ಉಳಿಯುತ್ತದೆ ಎಂಬುದು ಬೇರೆ. ಇನ್ನೂ ದೊಡ್ಡ ನಷ್ಟ ಕಣ್ಣಿಗೆ ಕಾಣುವುದಿಲ್ಲ: ಸಾಯಬೇಕಾದ ದುರ್ಬಲ ಕುಟುಂಬವನ್ನು ಮದ್ದು ಉಳಿಸುತ್ತದೆ, ಅದರ ತಳಿಯೇ ಮುಂದುವರಿಯುತ್ತದೆ.

ಉಳಿದದ್ದೇ ಬೀಜ

ಸ್ವೀಡನ್ನಿನ ಗೋಟ್ಲಂಡ್ ದ್ವೀಪದಲ್ಲಿ 1999ರಲ್ಲಿ ವಿಜ್ಞಾನಿಗಳು 150 ಕುಟುಂಬಗಳನ್ನು ಯಾವ ಮದ್ದೂ ಇಲ್ಲದೆ ಬಿಟ್ಟರು. ಮೂರು ವರ್ಷದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸತ್ತವು. ಆಮೇಲೆ ಸಾವು ಇಳಿಯಿತು. ಉಳಿದವು ನುಸಿಯ ಜೊತೆ ಬದುಕಲು ಕಲಿತವು.

ಸ್ವೀಡನ್ ದೂರವಾಯಿತೆನ್ನುವಿರಾ? ನಮ್ಮ ನಾಡಿನದೇ ಕೇಳಿ. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕದ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲನ್ನು ಬರಿದು ಮಾಡಿತು. ಅದಕ್ಕೆ ಮದ್ದೇ ಇರಲಿಲ್ಲ, ಇಂದಿಗೂ ಇಲ್ಲ. ಆದರೂ ತುಡುವೆ ಅಳಿಯಲಿಲ್ಲ. ರೋಗಕ್ಕೆ ಜಗ್ಗದೆ ಉಳಿದ ಕುಟುಂಬಗಳಿಂದಲೇ ಮತ್ತೆ ಪೆಟ್ಟಿಗೆಗಳು ತುಂಬಿದವು. ಅಲ್ಲಿ ರೋಗ ಬೇರೆ, ಇಲ್ಲಿ ನುಸಿ ಬೇರೆ. ಪಾಠ ಮಾತ್ರ ಒಂದೇ.

ಹಾಗೆಂದು ನಾಳೆಯೇ ಎಲ್ಲರೂ ಮದ್ದು ನಿಲ್ಲಿಸಿ ಎನ್ನುವುದು ಬೇಜವಾಬ್ದಾರಿ. ಸಾಲ ಮಾಡಿ ಹತ್ತು ಪೆಟ್ಟಿಗೆ ತಂದವನಿಗೆ ಎಂಟು ಸತ್ತರೆ ಗತಿಯೇನು? ಸಾಯುವ ಪೆಟ್ಟಿಗೆಯ ನುಸಿ ಪಕ್ಕದವನ ಪೆಟ್ಟಿಗೆಗೂ ಹತ್ತುತ್ತದೆ. ಆದ್ದರಿಂದ ಮೊದಲು ಎಣಿಸಬೇಕು. ಅರ್ಧ ಕಪ್ಪಿನಷ್ಟು ಹುಳಗಳ ಮೇಲೆ ಸಕ್ಕರೆ ಪುಡಿ ಉದುರಿಸಿ ಜಾಲರಿ ಮುಚ್ಚಳದ ಡಬ್ಬಿಯಲ್ಲಿ ಅಲ್ಲಾಡಿಸಿದರೆ ನುಸಿ ಕೆಳಗೆ ಬೀಳುತ್ತದೆ, ಹುಳ ಸಾಯುವುದಿಲ್ಲ. ಮುಚ್ಚಿದ ನೂರು ಮರಿಕೋಶಗಳನ್ನು ಸೂಜಿಯಿಂದ ಚುಚ್ಚಿ ಒಂದು ದಿನ ಬಿಟ್ಟು ನೋಡುವುದು ಇನ್ನೊಂದು ಪರೀಕ್ಷೆ. ಸತ್ತ ಮರಿಗಳನ್ನು ಬೇಗ ಹೊರಹಾಕಿದ ಕುಟುಂಬದಿಂದಲೇ ಹೊಸ ರಾಣಿ ಎಬ್ಬಿಸಬೇಕು. ನುಸಿ ತುಂಬಿದ ಕುಟುಂಬಕ್ಕೆ ಮದ್ದು ಕೊಡಲಿ, ಆದರೆ ಅದರ ರಾಣಿಯನ್ನು ಬದಲಿಸಲಿ.

ಒಬ್ಬನಿಂದ ಆಗದ ಕೆಲಸ

ತೊಡಕು ಇರುವುದು ಇಲ್ಲಿ. ರಾಣಿ ಜೇನು ಕೂಡುವುದು ಆಕಾಶದಲ್ಲಿ, ಹತ್ತಾರು ಗಂಡುಗಳ ಜೊತೆ. ಆ ಗಂಡುಗಳು ಯಾರ ಪೆಟ್ಟಿಗೆಯವೋ ಬಲ್ಲವರಾರು? ಶಿರಹಟ್ಟಿಯಲ್ಲಿ ಒಬ್ಬ ಎಷ್ಟೇ ಜತನದಿಂದ ತಳಿ ಆರಿಸಿದರೂ ಪಕ್ಕದ ಹೊಲದಲ್ಲಿ ಹೊರಗಿನ ಪೆಟ್ಟಿಗೆ ಇಳಿದರೆ ಹೊಳೆಯಲ್ಲಿ ಹುಣಸೆ ಕಿವುಚಿದಂತೆ. ಊರಿಗೆ ಊರೇ ಕೂಡಬೇಕು.

ಕೂಡಿಸುವವರು ಯಾರು? ಪೆಟ್ಟಿಗೆಗೆ ಸಹಾಯಧನ ಕೊಡುವ ತೋಟಗಾರಿಕೆ ಇಲಾಖೆ ಇದೆ, ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಪೆಟ್ಟಿಗೆ ಎಷ್ಟು ಹಂಚಿದೆವು ಎಂಬ ಲೆಕ್ಕದ ಜೊತೆಗೆ ಮೂರು ವರ್ಷದ ಮೇಲೆ ಎಷ್ಟು ಬದುಕಿವೆ ಎಂಬ ಲೆಕ್ಕವನ್ನೂ ಇಡಲಿ. ಲಕ್ಷ್ಮೇಶ್ವರ, ಮುಂಡರಗಿ, ಶಿರಹಟ್ಟಿಯಲ್ಲಿ ಒಂದೊಂದು ಗುಂಪು ಮಾಡಿ ಬದುಕುಳಿದ ಕುಟುಂಬಗಳ ರಾಣಿಗಳನ್ನು ಹಂಚಲಿ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಗಿದೆ. ಅಲ್ಲಿನ ಗೂಡಿಗೆ ಕೈ ಹಾಕುವುದು ಬೇಡ. ಹೊಲದ ಬದು, ಹಾಳು ಬಾವಿಗಳಲ್ಲಿ ತಾನಾಗಿ ಬದುಕಿರುವ ತುಡುವೆಯನ್ನು ಜತನ ಮಾಡಿದರೂ ಸಾಕಷ್ಟಾಯಿತು.

ಇದು ಜೇನು ಸಾಕುವ ನಾಲ್ಕು ಜನರ ಉಸಾಬರಿಯಲ್ಲ. ಸೂರ್ಯಕಾಂತಿ ತೆನೆಯಲ್ಲಿ ಕಾಳು ಗಟ್ಟಿಯಾಗಬೇಕು, ಉಳ್ಳಾಗಡ್ಡಿ ಬೀಜ ಕಟ್ಟಬೇಕು ಎಂದರೆ ಹುಳ ಹಾರಾಡಬೇಕು. ಹೂವಿನ ಹೊತ್ತಿನಲ್ಲಿ ನಡುಮಧ್ಯಾಹ್ನ ಔಷಧ ಹೊಡೆಯುವ ರೈತ ತನ್ನ ಫಸಲಿಗೆ ತಾನೇ ಕೊಡಲಿ ಹಾಕಿದಂತೆ. ಹೊಡೆಯಲೇಬೇಕಾದರೆ ಹುಳ ಗೂಡು ಸೇರಿದ ಮೇಲೆ, ಸಂಜೆ ಹೊಡೆಯಲಿ.

ಅಂಗಡಿಕಾರರೂ ತುಪ್ಪ ತಂದವನಿಗೆ ಒಂದು ಮಾತು ಕೇಳಲಿ: "ಪೆಟ್ಟಿಗೆಗೆ ಏನು ಹಾಕಿದ್ರಿ, ಯಾವಾಗ ಹಾಕಿದ್ರಿ?" ಮದ್ದಿಲ್ಲದ ತುಪ್ಪಕ್ಕೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಗೊತ್ತಾದರೆ ಒಳ್ಳೆಯ ತಳಿ ಹುಡುಕುವವರು ತಾವಾಗಿಯೇ ಹೆಚ್ಚುತ್ತಾರೆ. ಇಲಾಖೆಯವರು ಇತ್ತ ಲಕ್ಷ್ಯ ಕೊಡುವರೇ?