ಚರ್ಮದ ವಾಸನೆ ಮತ್ತು ಚುರುಟಿನ ರಸಿಕರು

ಚುರುಟು ಸೇದುವುದಕ್ಕೂ ಒಂದು ಪಾಠ ಇದೆ ಎಂದು ನನಗೆ ಗೊತ್ತಾದದ್ದು ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನಲ್ಲಿ. ಹಳೇ ಶಿಷ್ಯನೊಬ್ಬ ಸಿಕ್ಕಿದ. ಹೆಸರು ಬೇಡ, ಹೊಟ್ಟೆಪಾಡಿನ ವಿಷಯ. ಮಾರಿಕುಪ್ಪಂ ಕಡೆಯ ಲೈನ್ ಮನೆಯ ಹುಡುಗ. ಬೆಂಗಳೂರಿನಲ್ಲಿ ದುಡ್ಡಿದ್ದವರು ಕೂತು ಚುರುಟು ಸೇದುವ ಒಂದು ಜಾಗದಲ್ಲಿ ಕೆಲಸ. ಮಧ್ಯಾಹ್ನದ ಗಾಡಿಗೆ ಹೋಗುತ್ತಾನೆ, ರಾತ್ರಿ ಕೊನೇ ರೈಲು ತಪ್ಪಿದರೆ ಸ್ಟೇಷನ್ನಿನಲ್ಲೇ ಮಲಗಿ ಬೆಳಿಗ್ಗೆ ಬರುತ್ತಾನೆ. ಜೇಬಿನಿಂದ ದಪ್ಪನೆಯ ಒಂದು ಕಾರ್ಡು ತೆಗೆದ. "ಸಾರ್, ಇದನ್ನ ಬಾಯಿಪಾಠ ಮಾಡಿ ಗಿರಾಕಿಗಳ ಮುಂದೆ ಒಪ್ಪಿಸ್ಬೇಕು. ಎಲ್ಲಾ ಇಂಗ್ಲಿಷು. ವಸಿ ಅರ್ಥ ಹೇಳ್ಕೊಡಿ" ಅಂದ.

ಓದಿದೆ. ಚುರುಟು ಹಚ್ಚಿದ ಹೊಸತರಲ್ಲಿ ಸೀಡರ್ ಮರದ ವಾಸನೆ, ಒಣಹುಲ್ಲಿನ ವಾಸನೆ. ಅರ್ಧಕ್ಕೆ ಬಂದಾಗ ಕಾಫಿ, ಕೋಕೋ, ಕರಿಮೆಣಸು. ಕೊನೆಗೆ ಹಸಿ ಮಣ್ಣು, ದನದ ಕೊಟ್ಟಿಗೆ, ಚರ್ಮ. ಇದೆಲ್ಲ ನಾಲಿಗೆಗೆ ಮೂಗಿಗೆ ಒಂದೊಂದಾಗಿ ಸಿಕ್ಕಬೇಕು. ಸಿಕ್ಕಿದವನು ರಸಿಕ.

ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದ: "ಸಾರ್, ಚರ್ಮದ ವಾಸನೆ ಅಂದ್ರೆ ಯಾವ್ದು ಸಾರ್? ಹಸೀ ತೊಗಲಿಂದಾ, ಸುಣ್ಣದಲ್ಲಿ ನೆನೆ ಹಾಕಿದ್ದಾ, ತಂಗಡಿ ಚಕ್ಕೆ ಹಾಕಿ ಹದ ಮಾಡಿದ್ದಾ?"

ತಮಾಷೆಗೆ ಕೇಳಿದ್ದಲ್ಲ. ಅವನ ತಾಯಿಯ ಕಡೆಯವರು ಆಂಬೂರಿನಲ್ಲಿ ತೊಗಲು ಹದ ಮಾಡುವ ತೊಟ್ಟಿಗಳಲ್ಲಿ ಕಾಲಿಟ್ಟು ಬದುಕಿದವರು. ಚರ್ಮಕ್ಕೆ ಒಂದೇ ವಾಸನೆ ಅಲ್ಲ, ನಾಲ್ಕೈದು ಇವೆ ಎಂದು ಅವನಿಗೆ ಗೊತ್ತು. ಕಾರ್ಡು ಬರೆದವನಿಗೆ ಗೊತ್ತಿಲ್ಲ. ಅವನು ಮೂಸಿರುವುದು ಕಾರಿನ ಸೀಟು, ಇಲ್ಲವೇ ಕೈಚೀಲ.

ಸ್ವಾಮಿ, ನನಗೆ ಇರುವ ತಕರಾರು ಇದೇ. ಇದೇ ಚರ್ಮದ ವಾಸನೆಗಾಗಿ ತಾನೇ ನಮ್ಮನ್ನು ಊರಾಚೆ ಇಟ್ಟದ್ದು? ಸತ್ತ ದನ ಹೊತ್ತು, ಸುಲಿದು, ಹದ ಮಾಡಿ, ಮೆಟ್ಟು ಹೊಲಿದು ಕೊಟ್ಟವನ ಮೈಯಲ್ಲಿ ಆ ವಾಸನೆ ಇದ್ದಾಗ ಅದು ಮೈಲಿಗೆ. ಗೊಬ್ಬರ ಬಾಚಿದವಳ ಸೆರಗಲ್ಲಿ ಕೊಟ್ಟಿಗೆಯ ವಾಸನೆ ಇದ್ದರೆ ದೂರ ನಿಲ್ಲು. ಅದೇ ವಾಸನೆ ಸಾವಿರಾರು ರೂಪಾಯಿಯ ಒಂದು ಚುರುಟಿನ ಹೊಗೆಯಲ್ಲಿ ಬಂದರೆ ಮಾತ್ರ ಕಣ್ಣು ಮುಚ್ಚಿ ಆಹಾ ಅನ್ನುತ್ತಾರೆ. ವಾಸನೆ ಅದೇ ಕಣ್ರಯ್ಯಾ, ಮೂಗೂ ಅದೇ. ಹೊತ್ತವನು ಯಾರು ಅನ್ನುವುದರ ಮೇಲೆ ನಿಮ್ಮ ಮೂಗು ಕೆಲಸ ಮಾಡುತ್ತದೆ. ಸಾಹಿತ್ಯದಲ್ಲಿ, ಸಂಗೀತದಲ್ಲಿ ಅಭಿರುಚಿ ಅಭಿರುಚಿ ಎಂದು ನಮಗೆ ಬುದ್ಧಿ ಹೇಳಲು ಬರುವವರೂ ಈ ಕಾರ್ಡನ್ನು ಒಮ್ಮೆ ಓದಬೇಕು.

ಚುರುಟಿನ ಕಸುಬಿನಲ್ಲಿ ಕಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ, ಬಹಳ ಇದೆ. ಎಲೆ ಬೆಳೆಯಬೇಕು, ಒಣಗಿಸಬೇಕು, ಗುಡ್ಡೆ ಹಾಕಿ ತಿಂಗಳುಗಟ್ಟಲೆ ಕಾವಿಗೆ ಬಿಟ್ಟು ಹದಕ್ಕೆ ತರಬೇಕು. ಒಳಗೆ ತುಂಬುವ ಎಲೆ ಬೇರೆ, ಅದನ್ನು ಹಿಡಿದು ಕಟ್ಟುವ ಎಲೆ ಬೇರೆ, ಮೇಲೆ ಸುತ್ತುವ ನಯವಾದ ಎಲೆ ಬೇರೆ. ಸ್ವಲ್ಪ ಬಿಗಿಯಾದರೆ ಹೊಗೆ ಎಳೆಯಲು ಬರುವುದಿಲ್ಲ, ಸಡಿಲವಾದರೆ ಸುಟ್ಟು ಹೋಗುತ್ತದೆ. ಇದು ಬೆರಳಿನ ವಿದ್ಯೆ. ಆಮೇಲೆ ರಸಿಕ ಮಾಡುವ ಕೆಲಸ ಏನು? ತುದಿ ಕತ್ತರಿಸುವುದು, ಬೆಂಕಿಯನ್ನು ತಾಗಿಸದೆ ಬುಡ ಬೆಚ್ಚಗೆ ಮಾಡುವುದು, ನಿಮಿಷಕ್ಕೆ ಒಂದು ಸಲ ಎಳೆಯುವುದು, ಎದೆಗಿಳಿಸದೆ ಬಾಯಲ್ಲೇ ಹೊರಳಾಡಿಸಿ ಬಿಡುವುದು, ಬೂದಿಯನ್ನು ಕೊಡವದೆ ಉದ್ದ ಬೆಳೆಸುವುದು. ಇಷ್ಟಕ್ಕೆ ಅವನನ್ನು ಬಲ್ಲವನು ಅನ್ನುತ್ತಾರೆ. ಎಲೆ ಸುತ್ತಿದವಳನ್ನು ಕೂಲಿ ಅನ್ನುತ್ತಾರೆ.

ಸೊಗಸು ಏನೆಂದರೆ ಈ ಪದವೇ ನಮ್ಮ ಕಡೆಯದು. ಇಂಗ್ಲಿಷಿನ ಚೆರೂಟ್ ತಮಿಳಿನ ಸುರುಟ್ಟಿನಿಂದ ಹೋದದ್ದು. ಸುತ್ತಿದ್ದು ಅಂತ ಅರ್ಥ, ನಮ್ಮ ಸುರುಳಿಯ ದಾಯಾದಿ. ತಿರುಚಿನಾಪಳ್ಳಿ, ದಿಂಡಿಗಲ್ ಕಡೆಯ ಬಡವರು ಸುತ್ತಿದ ಚುರುಟು ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. 1887ರಲ್ಲಿ ಬಂದ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿಯಲ್ಲಿ ಆ ಪತ್ತೇದಾರ ಬರೀ ಬೂದಿ ನೋಡಿ ಕೊಲೆಗಾರ ಸೇದಿದ್ದು ತಿರುಚಿನಾಪಳ್ಳಿ ಚುರುಟು ಎಂದು ಹೇಳುತ್ತಾನೆ. ಬೂದಿಯಲ್ಲಿ ಊರನ್ನು ಕಾಣುವ ಕಣ್ಣು ದೊರೆಗಳಿಗೆ ಇತ್ತು, ಸುತ್ತಿದವರನ್ನು ಕಾಣುವ ಕಣ್ಣು ಮಾತ್ರ ಇರಲಿಲ್ಲ.

ಆ ಹೊತ್ತಿಗೆ ನಮ್ಮಲ್ಲಿ ಏನು ನಡೆದಿತ್ತು? 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಿಳಿದಿತ್ತು. ಇಂದಿನ ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಎಂದು ಒಬ್ಬ ಕಮಿಷನರನ ಹೆಸರು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬರಗಾಲ ಮತ್ತು ಜಾತಿ ಎರಡನ್ನೂ ಬಿಟ್ಟು ಓಡಿಬಂದ ಹೊಲಗೇರಿಯ ಜನ ಇಲ್ಲಿ ಬಿದಿರು ತಟ್ಟಿಯ ಗುಡಿಸಲು ಸೇರಿದರು. ದೊರೆಗಳಿಗೆ ಬಂಗಲೆ, ಗಾಲ್ಫ್ ಮೈದಾನ, 1885ರ ಹೊತ್ತಿಗೆ ಕ್ಲಬ್ಬು. ಕೆ.ಜಿ.ಎಫ್.ಗೆ ಪುಟ್ಟ ಇಂಗ್ಲೆಂಡು ಅಂತ ಹೆಸರಿಟ್ಟು ಇವತ್ತಿಗೂ ಕೆಲವರು ಬಾಯಿ ಚಪ್ಪರಿಸುತ್ತಾರೆ. ಕ್ಲಬ್ಬಿನಲ್ಲಿ ಊಟದ ಮೇಲೆ ಹೊಗೆ ಬಿಡುವವನ ಕಾಲಡಿ, ಮೈಲುಗಟ್ಟಲೆ ಆಳದಲ್ಲಿ, ಬಂಡೆ ಕೊರೆಯುವವನು ಧೂಳು ಕುಡಿಯುತ್ತಿದ್ದ.

ಒಂದು ಲೆಕ್ಕ ಕೇಳಿ. ಆ ಹುಡುಗನ ಕೆಲಸದ ಜಾಗದಲ್ಲಿ ಚುರುಟು ಇಡಲು ಒಂದು ಗಾಜಿನ ಕೋಣೆ ಇದೆ. ಒಳಗೆ ಸೀಡರ್ ಹಲಗೆ. ಶಾಖ ಇಪ್ಪತ್ತೊಂದು ಡಿಗ್ರಿ, ತೇವ ನೂರಕ್ಕೆ ಎಪ್ಪತ್ತು. ಹೆಚ್ಚೂಕಡಿಮೆ ಆದರೆ ಎಲೆ ಬಿರಿಯುತ್ತದೆ, ಬೂಸಲು ಹಿಡಿಯುತ್ತದೆ. ದಿನಕ್ಕೆ ಮೂರು ಸಲ ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯಬೇಕು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು. ಅಲ್ಲಿ ಬಂಡೆಯ ಕಾವು ಅರವತ್ತು ಡಿಗ್ರಿ ಮೀರಿದ್ದು. ಕೆಳಗೆ ತಣ್ಣನೆ ಗಾಳಿ ಕಳಿಸಲು ಯಂತ್ರ ಇಟ್ಟಿದ್ದರು, ನಿಜ. ಇಟ್ಟದ್ದು ಮನುಷ್ಯ ಬಿರಿಯುತ್ತಾನೆಂದೋ, ಚಿನ್ನ ನಿಲ್ಲುತ್ತದೆಂದೋ, ನೀವೇ ಹೇಳಿ.

ಎದೆಯಲ್ಲಿ ಕಲ್ಲಿನ ಪುಡಿ ಕೂರುವ ಸಿಲಿಕೋಸಿಸ್ ರೋಗ ಈ ದೇಶದಲ್ಲಿ ಮೊದಲು ದಾಖಲಾದದ್ದು 1934ರಲ್ಲಿ, ಇದೇ ಕೋಲಾರದ ಚಿನ್ನದ ಗಣಿಗಳಲ್ಲಿ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನ ಗಣಿ ಕೆಲಸಗಾರರ ಎದೆ ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಅದು ಕಂಡಿತು. ಚುರುಟಿನ ರಸಿಕನಿಗೆ ಗುರು ಹೇಳುವ ಮೊದಲ ಪಾಠ, ಎದೆಗೆ ಇಳಿಸಬೇಡ, ಬಾಯಲ್ಲೇ ಇಟ್ಟುಕೊಂಡು ಉಗುಳು ಅಂತ. ನಮ್ಮವರಿಗೆ ಹಾಗೆ ಹೇಳುವವರು ಯಾರಿದ್ದರು? ಉಸಿರನ್ನು ಬಾಯಲ್ಲೇ ಇಟ್ಟುಕೊಂಡು ಪಾಳಿ ಮುಗಿಸಲು ಆಗುತ್ತದೆಯೇ?

ಹಾಗಂತ ನಮ್ಮವರಿಗೆ ರುಚಿ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಕ್ಯೂಬಾದ ಹವಾನದಲ್ಲಿ ಚುರುಟು ಸುತ್ತುವ ಕೆಲಸಗಾರರು 1865ರಿಂದ ಒಂದು ಪದ್ಧತಿ ತಂದರು. ಇವರು ಎಲೆ ಸುತ್ತುತ್ತಾ ಇರುತ್ತಾರೆ, ಒಬ್ಬ ಎತ್ತರದಲ್ಲಿ ಕೂತು ಪೇಪರು, ಕಾದಂಬರಿ ಗಟ್ಟಿಯಾಗಿ ಓದುತ್ತಾನೆ. ಅವನ ಸಂಬಳ ಮಾಲೀಕನದಲ್ಲ, ಕೆಲಸಗಾರರು ತಮ್ಮ ಕೂಲಿಯಲ್ಲಿ ಮುರಿದು ಕೊಟ್ಟದ್ದು. ಸರ್ಕಾರ ಹೆದರಿ 1866ರಲ್ಲಿ ನಿಲ್ಲಿಸಿತು, ಮತ್ತೆ ಬಂತು. ಇವತ್ತು ರಸಿಕರು ಮುದ್ದಾಡುವ ಮಾಂಟೆಕ್ರಿಸ್ಟೋ ಎಂಬ ಬ್ರಾಂಡು 1935ರದು. ಆ ಹೆಸರು ಡ್ಯೂಮಾನ ಕಾದಂಬರಿಯಿಂದ ಬಂದದ್ದು, ಸುತ್ತುವವರು ಕೇಳಿ ಕೇಳಿ ಮೆಚ್ಚಿದ ಕಥೆ ಅದು. ನಮ್ಮ ಮಾರಿಕುಪ್ಪಂನಲ್ಲೂ ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಇತ್ತು. ಪಂಡಿತರು 1914ರಲ್ಲಿ ತೀರಿಕೊಂಡ ಮೇಲೆ ಅವರ ಬರಹಗಳನ್ನು ಅಚ್ಚು ಹಾಕಿ ಉಳಿಸಿದ್ದರಲ್ಲಿ ಕೆ.ಜಿ.ಎಫ್.ನ ಈ ಗಣಿ ಜನರ ಪಾಲು ದೊಡ್ಡದು. ತಟ್ಟಿ ಗುಡಿಸಲಲ್ಲಿ ಇದ್ದುಕೊಂಡು ಪುಸ್ತಕಕ್ಕೆ ಕಾಸು ಹಾಕಿದವರು ಅವರು. ಕ್ಲಬ್ಬಿನ ಹೊಗೆಯಿಂದ ಅಂಥ ಒಂದು ಪುಸ್ತಕ ಹುಟ್ಟಿದ್ದರೆ ಯಾರಾದರೂ ತೋರಿಸಲಿ.

ಈಗ ಕೆಲವು ಗೆಳೆಯರು ಕೇಳುತ್ತಾರೆ: ಹಾಗಾದರೆ ದಲಿತರಿಗೂ ಚುರುಟು ಬೇಕು ಅಂತೀಯಾ? ನನಗೆ ಬೇಡ. ಎದೆಗಿಳಿಸದಿದ್ದರೂ ಅದು ಬಾಯಿಗೆ, ಗಂಟಲಿಗೆ ಕ್ಯಾನ್ಸರ್ ತರುತ್ತದೆ. ಒಂದು ದಪ್ಪ ಚುರುಟಿನಲ್ಲಿ ಒಂದು ಪ್ಯಾಕೆಟ್ ಸಿಗರೇಟಿನಷ್ಟು ಹೊಗೆಸೊಪ್ಪು ಇರುತ್ತದೆ. ಆಂಧ್ರದ ಗಡಿಯ ನಮ್ಮ ಅಜ್ಜಿಯರು ಚುಟ್ಟಾವನ್ನು ತಿರುಗಿಸಿ, ಬೆಂಕಿಯ ತುದಿಯನ್ನು ಬಾಯೊಳಗೆ ಇಟ್ಟುಕೊಂಡು ಸೇದುತ್ತಿದ್ದರು. ಎರಡೂ ಕೈಗೆ ನಾಟಿ ಕೆಲಸ ಇರುವಾಗ ಗಾಳಿಗೆ ಆರಬಾರದಲ್ಲ! ಎಷ್ಟೋ ಜನರ ಅಂಗಳು ಸುಟ್ಟು ಹುಣ್ಣಾಯಿತು. ಅದಕ್ಕೆ ಯಾರೂ ಕಾರ್ಡು ಬರೆಯಲಿಲ್ಲ. ದುಶ್ಚಟ ಅಂದರು, ಹೊಲಸು ಅಂದರು. ನಮ್ಮ ಕೇರಿಗೆ ಬಂದು ಬೀಡಿ ಬಿಡಿ ಎಂದು ಭಾಷಣ ಮಾಡುವ ದೊಡ್ಡವರು ಇದ್ದಾರಲ್ಲ, ಅವರು ಒಂದು ಸಾಯಂಕಾಲ ಆ ಗಾಜಿನ ಕೋಣೆಯ ಮುಂದೆ ನಿಂತು ಅದೇ ಭಾಷಣ ಮಾಡಲಿ ನೋಡೋಣ.

ಕಾನೂನು ಇಲ್ಲವೇ? ಇದೆ. 2003ರ ಕಾಯ್ದೆ ಇದೆ, 2008ರ ನಿಯಮ ಇದೆ. ಮೂವತ್ತು ಕೋಣೆಯ ಹೋಟೆಲು, ಮೂವತ್ತು ಜನ ಕೂರುವ ರೆಸ್ಟೋರೆಂಟು ಸೇದಲು ಬೇರೆ ಜಾಗ ಮಾಡಿಕೊಳ್ಳಬಹುದು. ಆ ಜಾಗದಲ್ಲಿ ಯಾವ ಸರಬರಾಜೂ ಕೂಡದು ಎಂದು 2017ರಲ್ಲಿ ಸೇರಿಸಿದರು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾ ನಿಷೇಧ ಮಾಡಿತು, ಒಳ್ಳೆಯದೇ ಮಾಡಿತು. ನಮ್ಮ ಹುಡುಗ ಮಾತ್ರ ಅದೇ ಹೊಗೆಯ ನಡುವೆ ಟ್ರೇ ಹಿಡಿದು ನಿಂತೇ ಇದ್ದಾನೆ. ರಸಿಕರು ಎದೆಗಿಳಿಸುವುದಿಲ್ಲ. ಅವರು ಬಾಯಿಂದ ಬಿಟ್ಟದ್ದನ್ನು ದಿನಕ್ಕೆ ಎಂಟು ತಾಸು ಎದೆಗಿಳಿಸುವವನು ಇವನು.

ಇವನ ಅಪ್ಪ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೂ ಒಳಗೆ ಇಳಿದವನು. ಆಮೇಲೆ ಕೆಮ್ಮಿ ಕೆಮ್ಮಿ ಹೋದ. ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಿದ್ದಾರೆ. ಗುಡಿಸುವವರು, ಕಾವಲು ಕಾಯುವವರು, ತಟ್ಟೆ ಎತ್ತುವವರು. ಯಾರ ಎದೆಯಲ್ಲಿ ಏನು ಕೂತಿದೆ ಎಂದು ಒಬ್ಬರೂ ಲೆಕ್ಕ ಇಟ್ಟಿಲ್ಲ. ಚುರುಟಿನ ಕೋಣೆಯ ತೇವಕ್ಕೆ ದಿನಕ್ಕೆ ಮೂರು ಸಲ ಲೆಕ್ಕ ಇದೆ.

ಕಾರ್ಡಿನ ಹಿಂದುಗಡೆ ಕನ್ನಡದಲ್ಲಿ ಬರೆದುಕೊಡಿ ಅಂದ. ಬರೆದುಕೊಟ್ಟೆ. ಮಣ್ಣು, ಕೊಟ್ಟಿಗೆ, ತೊಗಲು. ಓದಿ ನಕ್ಕ. "ಇಷ್ಟೇನಾ ಸಾರ್, ಇದನ್ನ ನಮ್ಮಜ್ಜೀನೇ ಹೇಳ್ತಿದ್ಲು" ಅಂದ. ಕೆಮ್ಮಿದ. ಎಷ್ಟು ದಿನದಿಂದ ಎಂದು ಕೇಳಿದೆ. ಮಳೆಗಾಲದಿಂದ ಅಂದ. ಎಕ್ಸ್‌ರೇ ತೆಗೆಸಿದೆಯಾ ಅಂದೆ. ರಜ ಹಾಕಿದರೆ ಸಂಬಳ ಹಿಡೀತಾರೆ ಸಾರ್ ಅನ್ನುತ್ತಾ ಗಾಡಿ ಹತ್ತಿದ.

ಕೆ.ಜಿ.ಎಫ್., ಬಂಗಾರಪೇಟೆಯ ಸಂಘಟನೆಯ ಗೆಳೆಯರು, ಮೇಷ್ಟರುಗಳು ಆ ಮಧ್ಯಾಹ್ನದ ಗಾಡಿಗೆ ಒಂದು ದಿನ ಹತ್ತಿ. ಇಂಥ ಹುಡುಗರು ಎಷ್ಟು ಜನ ಇದ್ದಾರೆ, ಎಲ್ಲೆಲ್ಲಿ ನಿಲ್ಲುತ್ತಾರೆ, ಎಷ್ಟು ತಾಸು ನಿಲ್ಲುತ್ತಾರೆ ಬರೆದುಕೊಳ್ಳಿ. ಎಕ್ಸ್‌ರೇಗೆ ಅವರ ರಜದ ದಿನ ಕರೆದುಕೊಂಡು ಹೋಗೋಣ.