ಪ್ರಾಡಾ ಬಿಡ್ರಿ, ನಮ್ಮ ಚಪ್ಪಲಿ ಮ್ಯಾಲ ಯಾರ ಹೆಸರೈತಿ?

ಭಾಗ 1

ಮೊದಲನೇ ಫೋಟೋ ಸರಿಯಾಗಿ ನೋಡ್ರಿ. ನಿಪ್ಪಾಣಿ ಹತ್ತಿರದ ಹಳ್ಳಿಯೊಳಗ ನಮ್ಮ ಕಾಕಾ ಮಾಡಿದ ಚಪ್ಪಲಿ. ತೊಗಲು ಕೊಯ್ದು ಹೊಲಿದಿದ್ದು ಕಾಕಾ, ಮ್ಯಾಲಿನ ಹೆಣಿಗೆ ಹಾಕಿದ್ದು ಕಾಕು. ಈಗ ಎರಡನೇ ಫೋಟೋಕ್ಕ ಬರ್ರಿ, ಅದೇ ಚಪ್ಪಲಿ ತಿರುವಿ ಇಟ್ಟೇನಿ. ಅಟ್ಟೆ ಮ್ಯಾಲಿನ ಠಸ್ಸೆ ಯಾರದು? ಕೊಲ್ಹಾಪುರದ ಒಂದು ಅಂಗಡೀದು.

ಕಾಕಾಗ ಜೋಡಿಗೆ 400 ರೂಪಾಯಿ. ಠಸ್ಸೆ ಬಿದ್ದ ಮ್ಯಾಲ ಅದೇ ಜೋಡಿ 1,800. ನಡುವ ಅಂಗಡಿ ಬಾಡಿಗೆ, ಆಳು, ಸಾಗಾಟ ಎಲ್ಲಾ ಐತಿ, ಒಪ್ಪತೇನಿ, ನಾನೂ ಬಿಕಾಂ ಓದಾಕತ್ತೀನಿ. ಆದ್ರ ಚಪ್ಪಲಿ ಹಿಡಿಸಿದ ಗಿರಾಕಿ ಮುಂದಿನ ವರ್ಷ ಹುಡುಕಿಕೊಂಡು ಹೋಗೋದು ಆ ಠಸ್ಸೆಯನ್ನ. ಕಾಕಾನ್ನ ಅಲ್ಲ. ನಮ್ಮ ಅಕೌಂಟ್ಸ್ ಪುಸ್ತಕದಾಗ ಇದಕ್ಕ ಗುಡ್‌ವಿಲ್ ಅಂತಾರ. ದುಡಿದವನದು ಕಾಕಾ, ಗುಡ್‌ವಿಲ್ ಮಾತ್ರ ಬ್ಯಾರೆಯವರ ಬ್ಯಾಲನ್ಸ್ ಶೀಟಿನಾಗ.

ಭಾಗ 2

2025ರ ಜೂನ್ ನೆನಪೈತಿ? ಇಟಲಿಯ ಮಿಲಾನ್‌ನಾಗ ಪ್ರಾಡಾ ಕಂಪನಿಯ ಫ್ಯಾಶನ್ ಶೋದೊಳಗ ಮಾಡೆಲ್‌ಗಳು ನಮ್ಮಂಥ ಚಪ್ಪಲಿ ಹಾಕಿಕೊಂಡು ನಡೆದರು. ಕೊಲ್ಹಾಪುರಿ ಅನ್ನೋ ಮಾತೇ ಇರಲಿಲ್ಲ. ಎಲ್ಲರೂ ಸ್ಟೇಟಸ್ ಹಾಕಿದ್ರಿ, ನಾನೂ ಹಾಕಿದ್ದೆ. ಆಗ ಸಚಿವ ಪ್ರಿಯಾಂಕ್ ಖರ್ಗೆ ಅವರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಾಗೂ ತಲೆಮಾರುಗಳಿಂದ ಈ ಚಪ್ಪಲಿ ಮಾಡ್ತಾರ ಅಂತ ನೆನಪು ಮಾಡಿಕೊಟ್ಟರು. ನಮ್ಮೂರ ಹೆಸರು ಬಂತಲ್ಲ ಅಂತ ಅದನ್ನೂ ಫಾರ್ವರ್ಡ್ ಮಾಡಿದ್ವಿ. ಪ್ರಾಡಾ ಕೊನೆಗೆ ಒಪ್ಪಿಕೊಂಡಿತು. ಡಿಸೆಂಬರ್‌ನಾಗ ಮಹಾರಾಷ್ಟ್ರದ ಲಿಡ್‌ಕಾಮ್, ನಮ್ಮ ಲಿಡ್ಕರ್ ಜೊತೆ ಒಪ್ಪಂದಕ್ಕ ಸಹಿ ಹಾಕಿತು. 2,000 ಜೋಡಿ, ಒಂದಕ್ಕ ಸುಮಾರು 800 ಯೂರೋ ಅಂತ ಸುದ್ದಿ ಬಂತು.

ಭಾಳ ಮಂದಿ ಗಮನಿಸದ ಒಂದು ಸಂಗತಿ ಐತಿ. ನಡುವ, ಜುಲೈನಾಗ, ಕೆಲವು ವಕೀಲರು ಪ್ರಾಡಾ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋಗಿದ್ದರು. ಕೋರ್ಟ್ ಅರ್ಜಿ ವಜಾ ಮಾಡಿತು. ಆ ಹೆಸರಿನ ನೋಂದಾಯಿತ ಮಾಲೀಕರು ನೀವಲ್ಲ, ನೀವ್ಯಾರು ಕೇಳೋರು ಅನ್ನೋದು ಅದರ ತಾತ್ಪರ್ಯ. ಸಿಟ್ಟು ಎಷ್ಟಿದ್ರೂ ಕಾಗದ ಯಾರ ಹೆಸರಿನಾಗ ಐತಿ ಅಂತ ಕೇಳ್ತಾರ್ರಿ.

ಭಾಗ 3

"ನಮಗ ಜಿಐ ಟ್ಯಾಗ್ ಐತಲ್ಲ?" ಐತಿ. 2019ರೊಳಗ ಸಿಕ್ಕೈತಿ. ಎರಡು ರಾಜ್ಯಕ್ಕ ಸೇರಿ, ಎಂಟು ಜಿಲ್ಲೆಗೆ: ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಬೆಳಗಾವಿ, ಧಾರವಾಡ, ಬಾಗಲಕೋಟ, ವಿಜಯಪುರ. ಜಿಐ ಅಂದ್ರ ಅಡ್ಡಹೆಸರು ಇದ್ದಂಗ. ಒಂದೇ ಅಡ್ಡಹೆಸರಿನ ನೂರಾರು ಮಂದಿ ಇರ್ತಾರ, ಅದನ್ನ ನೋಡಿ ಇದು ಯಾರ ಮನಿ ಅಂತ ಗೊತ್ತಾಗಂಗಿಲ್ಲ. ಕಾಕಾ ಮಾಡಿದ್ದೂ ಕೊಲ್ಹಾಪುರಿ, ಸೊಲ್ಲಾಪುರದವ ಮಾಡಿದ್ದೂ ಕೊಲ್ಹಾಪುರಿ.

ಆ ಅಡ್ಡಹೆಸರನ್ನ ಕಾಯ್ದೆಬದ್ಧವಾಗಿ ಬಳಸಾಕ ತಯಾರಕ 'ಅಧಿಕೃತ ಬಳಕೆದಾರ' ಅಂತ ನೋಂದಾಯಿಸಿಕೊಳ್ಳಬೇಕು. 2020ರ ತಿದ್ದುಪಡಿ ಆದ ಮ್ಯಾಲ ಅದರ ಅರ್ಜಿ ಶುಲ್ಕ 10 ರೂಪಾಯಿ. ಹೌದ್ರಿ, ಹತ್ತು. ಒಂದು ಚಾದಷ್ಟು. ಕಾಕಾಗ ಇದು ಗೊತ್ತಾಗಿದ್ದು ಹೋದ ತಿಂಗಳು, ನನ್ನಿಂದ. ಪ್ರಾಡಾಗ ಬೈಯಾಕ ಇಡೀ ಊರಿಗೆ ಗೊತ್ತಿತ್ತು, ಈ ಹತ್ತು ರೂಪಾಯಿ ಮಾತು ಒಬ್ಬರೂ ಅವನ ಕಿವಿಗೆ ಹಾಕಲಿಲ್ಲ.

ಭಾಗ 4

ಇನ್ನ ಸ್ವಂತ ಹೆಸರು, ಅಂದ್ರ ಟ್ರೇಡ್‌ಮಾರ್ಕ್. ಬರೇ 'ಕೊಲ್ಹಾಪುರಿ' ಅನ್ನೋದನ್ನ ಯಾರೂ ತಮ್ಮ ಟ್ರೇಡ್‌ಮಾರ್ಕ್ ಮಾಡಿಕೊಳ್ಳಾಕ ಬರಂಗಿಲ್ಲ. ಊರ ಹೆಸರು, 'ಬೆಸ್ಟ್', 'ಶುದ್ಧ' ಇಂಥವೂ ನಡೆಯಂಗಿಲ್ಲ. ದೇವರ ಹೆಸರು ಸಿಗಬಹುದು, ಕಾಪಾಡಿಕೊಳ್ಳೋದು ಕಷ್ಟ. ನಂದಿನಿ ಹಾಲಿನ ಕೆಎಂಎಫ್‌ನೇ ನೋಡ್ರಿ. 1985ರಿಂದ ಆ ಹೆಸರು ಬಳಸ್ತದ. 1989ರಾಗ ಶುರುವಾದ ನಂದಿನಿ ಡೀಲಕ್ಸ್ ಹೋಟೆಲಿನ ನೋಂದಣಿ ತಡಿಯಾಕ ಸುಪ್ರೀಂ ಕೋರ್ಟ್‌ತನಕ ಹೋತು, 2018ರಾಗ ಸೋತಿತು. ನಂದಿನಿ ದೇವತೆಯ ಹೆಸರು, ಹಸುವಿನ ಹೆಸರು, ನೀವು ಹುಟ್ಟಿಸಿದ ಪದ ಅಲ್ಲ ಅಂತು ಕೋರ್ಟ್. ಅದಕ್ಕ ಯಾರೂ ಇಡದ ಹೆಸರು ಹುಡುಕ್ರಿ.

ಚಪ್ಪಲಿ 25ನೇ ವರ್ಗದಾಗ ಬರ್ತದ, ಬೀಡಿ-ತಂಬಾಕು 34ರಾಗ. ಒಬ್ಬ ವ್ಯಕ್ತಿ ಆನ್‌ಲೈನ್ ಅರ್ಜಿ ಹಾಕಿದ್ರ ಒಂದು ವರ್ಗಕ್ಕ 4,500 ರೂಪಾಯಿ. ಕಾಕಾನ ಲೆಕ್ಕದಾಗ ಹನ್ನೆರಡು ಜೋಡಿ. ಅದು ಅವಗ ಸಣ್ಣ ರೊಕ್ಕ ಅಲ್ಲ, ಆದ್ರ ಹತ್ತು ವರ್ಷ ನಡೀತದ, ಮುಂದ ನವೀಕರಣ ಮಾಡಿಸಬಹುದು. ಅಂದಂಗ, ಕೊಲ್ಹಾಪುರದವನ ಅರ್ಜಿ ಮುಂಬೈ ಕಚೇರಿಗೆ ಹೋಗ್ತದ, 40 ಕಿಲೋಮೀಟರ್ ಈಚೆ ಇರೋ ನಮ್ಮದು ಚೆನ್ನೈಗೆ. ಗಡಿ ಊರಿನ ಹಣೆಬರಹ.

ಹೆಸರು ಜರ್ನಲ್‌ನಾಗ ಪ್ರಕಟ ಆದ ಮ್ಯಾಲ ಆಕ್ಷೇಪಣೆಗೆ ನಾಲ್ಕು ತಿಂಗಳು. ನಿಮ್ಮಂಥದ್ದೇ ಹೆಸರಿಗೆ ಬ್ಯಾರೆಯವ ಅರ್ಜಿ ಹಾಕಿದ್ರೂ ಅಷ್ಟೇ ಟೈಮು. ಆಮ್ಯಾಲ ಅತ್ತು ಉಪಯೋಗ ಇಲ್ಲ.

ಭಾಗ 5

ನಮ್ಮ ಪ್ಯಾಟಿಯ ದೊಡ್ಡ ವ್ಯಾಪಾರಸ್ಥರು ಒಂದು ಮಾತು ಹೇಳ್ತಾರ: "ನಮ್ಮ ಹೆಸರು ಊರಿಗೇ ಗೊತ್ತೈತಿ, ಕಾಗದ ಯಾಕ ಬೇಕು?" ಕಾಯ್ದೆದಾಗ ಅವರಿಗೂ ಜಾಗ ಐತಿ. ಮೊದಲು ಬಳಸಿದವನ ಹಕ್ಕನ್ನ, ನೋಂದಣಿ ಇಲ್ಲದಿದ್ರೂ, ಕೋರ್ಟ್ ಮನ್ನಿಸ್ತದ. ಆದ್ರ ಮೊದಲು ಬಳಸೇನಿ ಅಂತ ಸಾಬೀತು ಮಾಡಬೇಕಲ್ಲ, ಬಿಲ್ಲು ಎಲ್ಲೈತಿ? ಹೆಸರು ಛಾಪಿಸಿದ ಹಳೇ ಡಬ್ಬಿ, ಜಾಹೀರಾತು ಎಲ್ಲೈತಿ? ಅರ್ಧ ವ್ಯಾಪಾರ ಚೀಟಿ ಮ್ಯಾಲ ನಡಿಸಿ, ಜಿಎಸ್‌ಟಿ ಉಳಿಸೇನಿ ಅಂತ ಮೀಸೆ ತಿರುವೋರು ಆವತ್ತು ಏನು ತೋರಸ್ತೀರಿ?

ಮಂಗಳೂರು ಗಣೇಶ ಬೀಡಿ ಕಥಿ ಬೀಡಿ ಊರಿನವರಿಗೆ ಗೊತ್ತಿರಬೇಕು. ಪಾಲುದಾರರ ಸಂಸ್ಥೆ ವಿಸರ್ಜನೆ ಆಗಿ, 1994ರಾಗ ಹರಾಜಿಗೆ ಬಂದಾಗ 92 ಕೋಟಿಗೆ ಹೋತು. ಎಲಿ, ತಂಬಾಕು, ದಾರ ಎಲ್ಲಾ ಕಡೆ ಸಿಗ್ತದ. ಅದರ ತೆರಿಗೆ ಲೆಕ್ಕದ ಜಗಳ 2015ರಾಗ ಸುಪ್ರೀಂ ಕೋರ್ಟಿನಾಗ ಮುಗಿದಾಗ ಎದ್ದು ಕಂಡಿದ್ದು ಟ್ರೇಡ್‌ಮಾರ್ಕ್‌ನ ಬೆಲೆ. ಬೀಡಿ ಸುತ್ತಿದ ಹೆಣ್ಣುಮಕ್ಕಳಿಗೆ ಆ 92 ಕೋಟಿದಾಗ ಏನು ಬಂತು ಅನ್ನೋದು ಬ್ಯಾರೆ ಪೋಸ್ಟ್.

"ಬಡವರು ಬ್ರ್ಯಾಂಡ್ ಮಾಡಾಕ ಆಗತ್ತೇನು?" ಅನ್ನೋರು ಅಥಣಿಗೆ ಹೋಗಿ ಬರ್ರಿ. ಅಲ್ಲಿ ಚಪ್ಪಲಿ ಮಾಡೋ ಕುಟುಂಬಗಳು, ಅದರಾಗೂ ಹೆಣ್ಣುಮಕ್ಕಳು, ಗುಂಪು ಕಟ್ಟಿ 'ಟೋಹೋಲ್ಡ್' ಅನ್ನೋ ಸ್ವಂತ ಹೆಸರಿನ ಕೆಳಗ ವಿದೇಶಕ್ಕ ಮಾಲು ಕಳಿಸ್ಯಾರ. ಪ್ರಾಡಾ ಗದ್ದಲಕ್ಕಿಂತ ಎಷ್ಟೋ ವರ್ಷ ಮೊದಲು. ಚಪ್ಪಲಿ ಮಾಡೋರಿಗೆ ಜಾತಿ ಹೆಸರು ಹಿಡಿದು ಕರಿಯೋದು ನಮಗ ಚಂದಾಗಿ ಬರ್ತದ. ಅವರ ಮಾಲಿಗೆ ಅವರ ಹೆಸರು ಬರಲಿ ಅಂದಾಗ ಮಾತ್ರ "ಆಗತ್ತೇನು" ಅಂತೀರಿ.

ಭಾಗ 6

ಕಾಕಾ ಇನ್ನೂ ಒಪ್ಪಿಲ್ಲ. "ಅಂಗಡಿಯವ ಸಿಟ್ಟಾಗಿ ಮಾಲು ತಗೊಳ್ಳೋದು ಬಿಟ್ರ ಮನಿ ನೀ ನಡಿಸ್ತೀಯೇನು?" ಅಂದ. ನನ್ನ ಹತ್ರ ಉತ್ತರ ಇರಲಿಲ್ಲ. ಹತ್ತು ಜೋಡಿದಾಗ ಒಂಬತ್ತು ಅವನಿಗೆ ಕೊಡು, ಒಂದಕ್ಕ ನಿನ್ನ ಠಸ್ಸೆ ಹಾಕು, ಅದಕ್ಕ ಬಿಲ್ಲು ಬರಿ, ಮಾರೋ ಕೆಲಸ ನನಗ ಬಿಡು ಅಂದೇನಿ. ಯೋಚನೆ ಮಾಡ್ತೇನಿ ಅಂದಾನ. ಕಾಕು ಮಾತ್ರ ಅವತ್ತೇ ರಾತ್ರಿ ನನ್ನ ನೋಟ್‌ಬುಕ್ ಇಸ್ಕೊಂಡು ಮೂರು ಹೆಸರು ಬರೆದು ಕೊಟ್ಟಾಳ. ಒಂದು ಆಕೆಯ ತವರುಮನಿ ಹೆಸರು. ಅರ್ಜಿ ಹಾಕೋತನಕ ಯಾವುದನ್ನೂ ಇಲ್ಲಿ ಹೇಳಂಗಿಲ್ಲ.

ನಿಪ್ಪಾಣಿ, ಚಿಕ್ಕೋಡಿ ಕಡೆ ಚಪ್ಪಲಿ, ಚಟ್ನಿಪುಡಿ, ಮಸಾಲಿ, ಏನೇ ಮಾಡೋರಿರಲಿ, ನಿಮ್ಮ ಹೆಸರು ಮೊದಲೇ ಯಾರರ ಹಾಕಿಸ್ಯಾರೇನು ಅಂತ ಸರ್ಕಾರಿ ವೆಬ್‌ಸೈಟಿನಾಗ ಪುಕ್ಕಟೆ ಹುಡುಕಬಹುದು. ಬರದಿದ್ರ ಮೆಸೇಜ್ ಹಾಕ್ರಿ, ಕಾಲೇಜು ಬಿಟ್ಟ ಮ್ಯಾಲ ಕುಂತು ನೋಡಿ ಕೊಡ್ತೇನಿ. ಹಳೇ ಬಿಲ್ಲು ಇದ್ರ ತಗೊಂಡ ಬರ್ರಿ.